ಬಿಸಿಲ ಜಿಲ್ಲೆಗಳಲ್ಲಿ ಫ್ಲ್ಯಾಶ್ ಸಂಗ್ರಹ: ವಿದ್ಯುತ್ ಉಳಿತಾಯ ಮತ್ತು ದೋಷ ತಿದ್ದುಪಡಿಯ ನಡುವೆ ಆಯ್ಕೆ ಮಾಡುವುದು ಹೇಗೆ

ಗಂಗಾವತಿಯ ಅಕ್ಕಿ ಗಿರಣಿಗೆ ಸಿಸಿಟಿವಿ ಹಾಕಿಸುವವರು, ರಾಯಚೂರಿನ ಎಪಿಎಂಸಿ ದಲ್ಲಾಳಿ ಅಂಗಡಿಯ ಲೆಕ್ಕದ ಕಂಪ್ಯೂಟರಿಗೆ ಹೊಸ ಡ್ರೈವ್ ಹುಡುಕುವವರು, ಬಳ್ಳಾರಿಯಲ್ಲಿ ಮದುವೆ ವಿಡಿಯೊ ಸ್ಟುಡಿಯೊ ನಡೆಸುವವರು, ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯಲ್ಲಿ ಸೌರ ಫಲಕದ ಬಲದಿಂದ ನಡೆಯುವ ನೀರಿನ ಮಟ್ಟದ ಮಾಪಕ ಇಡಬೇಕೆಂದಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಇವರೆಲ್ಲರೂ ಬೇರೆ ಬೇರೆ ಮಾತಿನಲ್ಲಿ ಕೇಳುವ ಪ್ರಶ್ನೆ ಒಂದೇ ಆಗಿದೆ. ಮಾಹಿತಿ ಇಡಲು ಮೆಮೊರಿ ಕಾರ್ಡನ್ನೋ ಎಸ್‌ಎಸ್‌ಡಿಯನ್ನೋ (ಚಿಪ್ಪುಗಳಿಂದ ಮಾಡಿದ ಡ್ರೈವ್) ಆರಿಸುವಾಗ, ಕಡಿಮೆ ವಿದ್ಯುತ್ ಬಳಸುವ ಸಾಧನವನ್ನು ಕೊಳ್ಳಬೇಕೋ, ಇಟ್ಟ ಮಾಹಿತಿಯಲ್ಲಿ ಹುಟ್ಟುವ ತಪ್ಪುಗಳನ್ನು ಬಲವಾಗಿ ತಿದ್ದಿಕೊಳ್ಳುವ ಸಾಧನವನ್ನು ಕೊಳ್ಳಬೇಕೋ? ಪೆಟ್ಟಿಗೆಯ ಮೇಲೆ ಮುದ್ರಿಸಿರುವ ವೇಗದ ಅಂಕಿಗಳು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತಿದ್ದುಪಡಿಗೆ ವಿದ್ಯುತ್ ಬೇಕು, ತಪ್ಪುಗಳು ಹೆಚ್ಚಿದಷ್ಟೂ ಹೆಚ್ಚು ಬೇಕು, ಮತ್ತು ನಮ್ಮ ಭಾಗದ ಬಿಸಿಲು ತಪ್ಪುಗಳನ್ನು ಹೆಚ್ಚಿಸುತ್ತದೆ. ಆದ್ದರಿಂದ ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಊರುಗಳಲ್ಲಿ ಬಲವಾದ ತಿದ್ದುಪಡಿಗಾಗಿ ಹಣ ಹಾಕುವುದಕ್ಕಿಂತ, ತಪ್ಪೇ ಕಡಿಮೆ ಹುಟ್ಟುವ ಸಾಧನಕ್ಕೆ ಮತ್ತು ಅದನ್ನು ತಂಪಾಗಿ ಇಡುವ ವ್ಯವಸ್ಥೆಗೆ ಹಣ ಹಾಕುವುದು ಲಾಭ. ಹಾಗೆ ಮಾಡಿದರೆ ವಿದ್ಯುತ್ ಉಳಿತಾಯವೂ ಮಾಹಿತಿಯ ಸುರಕ್ಷತೆಯೂ ಒಂದೇ ದಾರಿಯಲ್ಲಿ ಸಿಗುತ್ತವೆ.

ತಪ್ಪು ಎಲ್ಲಿ ಹುಟ್ಟುತ್ತದೆ, ತಿದ್ದಲು ವಿದ್ಯುತ್ ಏಕೆ ಬೇಕು

ಮೆಮೊರಿ ಕಾರ್ಡಿನಿಂದ ಎಸ್‌ಎಸ್‌ಡಿವರೆಗೆ ಎಲ್ಲದರಲ್ಲಿಯೂ ಇರುವುದು ನ್ಯಾಂಡ್ ಫ್ಲ್ಯಾಶ್ ಎಂಬ, ವಿದ್ಯುತ್ ತೆಗೆದರೂ ಮಾಹಿತಿ ಹಿಡಿದಿಡುವ ಚಿಪ್ಪು; ತೋಷಿಬಾ ಕಂಪನಿಯ ಫುಜಿಯೊ ಮಸುಯೊಕಾ ಮತ್ತು ಅವರ ತಂಡ ಅದನ್ನು 1987ರಲ್ಲಿ ಪ್ರಕಟಿಸಿತು. ಅದರ ಪ್ರತಿ ಕೋಶವೂ ಒಂದಿಷ್ಟು ಎಲೆಕ್ಟ್ರಾನುಗಳನ್ನು ನಿರೋಧಕ ಪದರದ ಒಳಗೆ ಹಿಡಿದಿಟ್ಟುಕೊಳ್ಳುತ್ತದೆ, ಮತ್ತು ಹಾಗೆ ಹಿಡಿದಿಟ್ಟ ವಿದ್ಯುತ್ ಆವೇಶದ (ಚಾರ್ಜ್) ಪ್ರಮಾಣವನ್ನು ವೋಲ್ಟೇಜಿನ ಮೂಲಕ ಅಳೆದು ಅದರಲ್ಲಿರುವ ಮಾಹಿತಿಯನ್ನು ಓದಲಾಗುತ್ತದೆ. ಎಸ್‌ಎಲ್‌ಸಿ ಕೋಶದಲ್ಲಿ ಒಂದು ಬಿಟ್ ಮಾತ್ರ ಇರುವುದರಿಂದ ಎರಡು ಮಟ್ಟಗಳನ್ನು ಗುರುತಿಸಿದರೆ ಸಾಕು. ಎಂಎಲ್‌ಸಿಯಲ್ಲಿ ಎರಡು ಬಿಟ್, 4 ಮಟ್ಟ. ಟಿಎಲ್‌ಸಿಯಲ್ಲಿ ಮೂರು ಬಿಟ್, 8 ಮಟ್ಟ. ಕ್ಯೂಎಲ್‌ಸಿಯಲ್ಲಿ ನಾಲ್ಕು ಬಿಟ್, 16 ಮಟ್ಟ. ಕಾಲುವೆಯ ಗೇಜು ಪಟ್ಟಿಯ ಎತ್ತರ ಅಷ್ಟೇ ಇದ್ದು, ಅದರ ಮೇಲೆ ಎರಡು ಗೆರೆಗಳ ಬದಲು ಹದಿನಾರು ಗೆರೆ ಎಳೆದರೆ ನೀರಿನ ಸಣ್ಣ ಅಲೆಯೂ ಓದುವವನ ಲೆಕ್ಕ ತಪ್ಪಿಸುವಂತೆ, ಕೋಶದಲ್ಲಿ ಮಟ್ಟಗಳು ಹೆಚ್ಚಿದಷ್ಟೂ ಸ್ವಲ್ಪ ಆವೇಶ ಸೋರಿದರೂ ಒಂದು ಮಟ್ಟ ಪಕ್ಕದ ಮಟ್ಟವಾಗಿ ಕಾಣುತ್ತದೆ.

ಆವೇಶ ಸೋರುವುದಕ್ಕೆ ಕಾರಣಗಳು ಹಲವು. ಕಾಲ ಕಳೆದಂತೆ ಅದು ತಾನಾಗಿ ಸೋರುತ್ತದೆ, ಬಿಸಿಯಲ್ಲಿ ಇನ್ನೂ ಬೇಗ ಸೋರುತ್ತದೆ. ಬರೆದು ಅಳಿಸಿದ ಪ್ರತಿ ಸಲವೂ ನಿರೋಧಕ ಪದರ ಸ್ವಲ್ಪ ಸವೆಯುತ್ತದೆ. ಒಂದೇ ಜಾಗವನ್ನು ಮತ್ತೆ ಮತ್ತೆ ಓದಿದರೂ ಅಕ್ಕಪಕ್ಕದ ಕೋಶಗಳ ಮಟ್ಟ ಅಲುಗುತ್ತದೆ. ತಂಪಾದ ಹೊತ್ತಿನಲ್ಲಿ ಬರೆದದ್ದನ್ನು ತುಂಬ ಬಿಸಿಯಾದಾಗ ಓದಿದರೆ, ಅಥವಾ ಬಿಸಿಯಲ್ಲಿ ಬರೆದದ್ದನ್ನು ತಂಪಿನಲ್ಲಿ ಓದಿದರೆ, ಆ ತಾಪಮಾನದ ಅಂತರದಿಂದಲೇ ತಪ್ಪುಗಳು ಹೆಚ್ಚುತ್ತವೆ.

ಈ ತಪ್ಪುಗಳನ್ನು ತಿದ್ದುವುದಕ್ಕಾಗಿ ಸಾಧನದ ಒಳಗಿನ ನಿಯಂತ್ರಕ ಚಿಪ್ಪಾದ ಕಂಟ್ರೋಲರ್ ಪ್ರತಿ ತುಣುಕು ಮಾಹಿತಿಯ ಜೊತೆಗೆ ಲೆಕ್ಕ ಹಾಕಿದ ಹೆಚ್ಚುವರಿ ಬಿಟ್‌ಗಳನ್ನು ಬರೆದಿಡುತ್ತದೆ. ಹಳೆಯ ಮತ್ತು ಸರಳ ಸಾಧನಗಳಲ್ಲಿ ಇದಕ್ಕೆ ಬಿಸಿಎಚ್ ಸಂಕೇತವನ್ನು ಬಳಸುತ್ತಾರೆ. 1959ರಲ್ಲಿ ಫ್ರಾನ್ಸಿನ ಅಲೆಕ್ಸಿ ಹಾಕೆಂಗೆಮ್ ಅವರೂ, 1960ರಲ್ಲಿ ನಮ್ಮವರೇ ಆದ ರಾಜ್ ಚಂದ್ರ ಬೋಸ್ ಮತ್ತು ಡಿ. ಕೆ. ರೇ-ಚೌಧರಿ ಅವರೂ ಇದನ್ನು ಪ್ರತ್ಯೇಕವಾಗಿ ಕಂಡುಹಿಡಿದರು. ನಮ್ಮ ಜೇಬಿನ ಕಾರ್ಡುಗಳ ಒಳಗೆ ಅವರ ಗಣಿತ ದುಡಿಯುತ್ತಿದೆ ಎಂಬುದು ಹೆಮ್ಮೆಯ ಸಂಗತಿ. 1 ಕಿಲೋಬೈಟ್ ಮಾಹಿತಿಯಲ್ಲಿ 40 ಬಿಟ್ ತಪ್ಪುಗಳವರೆಗೆ ತಿದ್ದಬೇಕಾದರೆ ಬಿಸಿಎಚ್‌ಗೆ 560 ಬಿಟ್, ಅಂದರೆ 70 ಬೈಟ್ ಹೆಚ್ಚುವರಿ ಜಾಗ ಬೇಕು. ಇದರ ಒಳ್ಳೆಯ ಗುಣವೆಂದರೆ, ಮೊದಲ ಹಂತದ ಪರೀಕ್ಷೆಯಲ್ಲಿ ತಪ್ಪೇ ಇಲ್ಲವೆಂದು ತಿಳಿದರೆ ಉಳಿದ ಹಂತಗಳ ಸರ್ಕ್ಯೂಟುಗಳು ಕೆಲಸ ಮಾಡಬೇಕಾಗಿಯೇ ಇಲ್ಲ. ಹಾಗಾಗಿ ತಪ್ಪು ಕಡಿಮೆ ಇದ್ದಾಗ ಇದು ಬಹಳ ಮಿತವಾದ ವಿದ್ಯುತ್ತಿನಲ್ಲಿ ಮುಗಿಯುತ್ತದೆ.

ಟಿಎಲ್‌ಸಿ ಮತ್ತು ಕ್ಯೂಎಲ್‌ಸಿಗೆ ಬಿಸಿಎಚ್ ಸಾಲದು. ಅವುಗಳಲ್ಲಿ ಈಗ ಬಳಕೆಯಲ್ಲಿರುವುದು ಎಲ್‌ಡಿಪಿಸಿ, ಅಂದರೆ 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ರಾಬರ್ಟ್ ಗ್ಯಾಲಗರ್ ರೂಪಿಸಿ, ಲೆಕ್ಕ ತುಂಬ ಭಾರವೆಂಬ ಕಾರಣಕ್ಕೆ ದಶಕಗಳ ಕಾಲ ಮೂಲೆ ಸೇರಿ, 1990ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದ ಸಂಕೇತ. ಇದು ಒಂದೇ ಸಲಕ್ಕೆ ಉತ್ತರ ಕೊಡುವುದಿಲ್ಲ, ಸುತ್ತು ಸುತ್ತಾಗಿ ಲೆಕ್ಕ ಮಾಡಿ ಸರಿಯಾದ ಮಾಹಿತಿಯತ್ತ ಸಾಗುತ್ತದೆ, ಮತ್ತು ತಪ್ಪುಗಳು ಹೆಚ್ಚಿದ್ದರೆ ಸುತ್ತುಗಳೂ ಹೆಚ್ಚುತ್ತವೆ. ಅಷ್ಟಕ್ಕೂ ಬಗೆಹರಿಯದಿದ್ದರೆ ಕಂಟ್ರೋಲರ್ ಓದುವ ವೋಲ್ಟೇಜನ್ನು ಸ್ವಲ್ಪ ಸರಿಸಿ ಅದೇ ಪುಟವನ್ನು (ಒಂದೇ ಸಲಕ್ಕೆ ಓದುವ ಮಾಹಿತಿಯ ಘಟಕವನ್ನು) ಮತ್ತೆ ಓದುತ್ತದೆ. ಅದೂ ಸಾಲದಿದ್ದರೆ ಹಲವು ವೋಲ್ಟೇಜುಗಳಲ್ಲಿ ಹಲವು ಬಾರಿ ಓದಿ, ಪ್ರತಿ ಬಿಟ್ ಎಷ್ಟರ ಮಟ್ಟಿಗೆ ನಂಬಲರ್ಹ ಎಂಬ ಅಂದಾಜನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಕೆಲವು ಎಸ್‌ಎಸ್‌ಡಿಗಳಲ್ಲಿ ಕೊನೆಯ ಉಪಾಯವಾಗಿ ಬೇರೆ ಬೇರೆ ಚಿಪ್ಪುಗಳ ಪುಟಗಳನ್ನೆಲ್ಲ ಓದಿ ಪ್ಯಾರಿಟಿಯ (ಆ ಪುಟಗಳಿಂದ ಮೊದಲೇ ಲೆಕ್ಕ ಹಾಕಿ ಬರೆದಿಟ್ಟ ಹೆಚ್ಚುವರಿ ಮಾಹಿತಿಯ) ಸಹಾಯದಿಂದ ಕಳೆದುಹೋದ ಪುಟವನ್ನು ಮತ್ತೆ ಕಟ್ಟಲಾಗುತ್ತದೆ.

ವಿದ್ಯುತ್ ಖರ್ಚಾಗುವುದು ಇಲ್ಲಿಯೇ. ಒಂದು ಓದಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ ಐದಾರು ಓದು ಬೇಕಾದಾಗ ಚಿಪ್ಪಿನ ಒಳಗಿನ ಅಳತೆಗೂ, ಅಲ್ಲಿಂದ ಕಂಟ್ರೋಲರಿಗೆ ಮಾಹಿತಿ ಸಾಗಿಸುವುದಕ್ಕೂ, ಲೆಕ್ಕದ ಸುತ್ತುಗಳಿಗೂ ಪ್ರತ್ಯೇಕವಾಗಿ ಶಕ್ತಿ ಬೇಕಾಗುತ್ತದೆ, ಕಾಯುವ ಸಮಯವೂ ಬೆಳೆಯುತ್ತದೆ. ಹೊಸದಾಗಿದ್ದಾಗ ಮಿತವಾಗಿ ವಿದ್ಯುತ್ ಬಳಸುತ್ತಿದ್ದ ಡ್ರೈವ್ ಸವೆದ ಮೇಲೆ ಅದೇ ಫೈಲನ್ನು ಓದಲು ಹೆಚ್ಚು ವಿದ್ಯುತ್ತನ್ನೂ ಹೆಚ್ಚು ಹೊತ್ತನ್ನೂ ತೆಗೆದುಕೊಳ್ಳುವುದಕ್ಕೆ ಇದೇ ಕಾರಣ.

ಆಯ್ಕೆಗೆ ಮುನ್ನ ಹಾಕಿಕೊಳ್ಳಬೇಕಾದ ಪ್ರಶ್ನೆಗಳು

ಮೊದಲನೆಯದು ಬಿಸಿ. ಸಾಧನ ಎಲ್ಲಿ ಕೂರುತ್ತದೆ, ಹವಾನಿಯಂತ್ರಿತ ಕೋಣೆಯಲ್ಲೋ, ತಗಡಿನ ಚಾವಣಿಯ ಕೆಳಗೋ, ಬಿಸಿಲಿಗೆ ನಿಂತ ಮುಚ್ಚಿದ ಪೆಟ್ಟಿಗೆಯೊಳಗೋ? ನಮ್ಮಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ನೆರಳಿನ ತಾಪಮಾನವೇ 40 ಡಿಗ್ರಿ ಸೆಲ್ಸಿಯಸ್ ದಾಟುವಾಗ ಪೆಟ್ಟಿಗೆಯ ಒಳಗೆ ಅದಕ್ಕಿಂತ ಬಹಳ ಹೆಚ್ಚು ಇರುತ್ತದೆ.

ಎರಡನೆಯದನ್ನು ಬಹಳ ಜನ ಮರೆಯುತ್ತಾರೆ: ಸಾಧನಕ್ಕೆ ವಿದ್ಯುತ್ ಸದಾ ಸಿಗುತ್ತದೆಯೋ, ಇಲ್ಲವೋ? ವಿದ್ಯುತ್ ಇರುವ ಎಸ್‌ಎಸ್‌ಡಿ ಬಿಡುವಿದ್ದಾಗ ತನ್ನ ಪುಟಗಳನ್ನು ಪರೀಕ್ಷಿಸಿ, ದುರ್ಬಲವಾದುದನ್ನು ಬೇರೆಡೆಗೆ ಬರೆಯಬಲ್ಲದು. ವಿದ್ಯುತ್ ಇಲ್ಲದೆ ಕಪಾಟಿನಲ್ಲಿ ಕೂತ ಸಾಧನಕ್ಕೆ ತನ್ನನ್ನು ತಾನು ತಿದ್ದಿಕೊಳ್ಳುವ ಶಕ್ತಿಯೇ ಇಲ್ಲ. ಅದರ ತಿದ್ದುಪಡಿ ಎಷ್ಟೇ ಬಲವಾಗಿರಲಿ, ಮತ್ತೆ ಓದುವ ದಿನ ಬರುವವರೆಗೂ ಅದು ನಿಷ್ಕ್ರಿಯ. ಚಿಪ್ಪು ಉದ್ಯಮದ ಮಾನದಂಡಗಳನ್ನು ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ ಮನೆ ಬಳಕೆಯ ಎಸ್‌ಎಸ್‌ಡಿ ತನ್ನ ಬರಹದ ಆಯುಸ್ಸನ್ನು ಪೂರ್ತಿ ಕಳೆದ ಮೇಲೆ, ವಿದ್ಯುತ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಳ್ಳಬೇಕು. ಸರ್ವರ್ ದರ್ಜೆಯದು 40 ಡಿಗ್ರಿಯಲ್ಲಿ ಮೂರು ತಿಂಗಳು ಉಳಿಸಿಕೊಂಡರೆ ಸಾಕು. ತಾಪಮಾನ 10 ಡಿಗ್ರಿ ಹೆಚ್ಚಿದರೆ ಈ ಅವಧಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೊಸ ಡ್ರೈವ್ ಇದಕ್ಕಿಂತ ಬಹಳ ಕಾಲ ತಡೆಯುತ್ತದೆ ಎಂಬುದು ನಿಜ, ಆದರೆ ದುಬಾರಿ ಸರ್ವರ್ ಡ್ರೈವನ್ನು ಕೊಂಡು ಬೀರುವಿನಲ್ಲಿ ಇಟ್ಟರೆ ಮಾಹಿತಿ ಹೆಚ್ಚು ಕಾಲ ಉಳಿಯುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು.

ಮೂರನೆಯದು ಬರಹದ ರೀತಿ. ದಿನವಿಡೀ ದೊಡ್ಡ ಹರಿವಾಗಿ ಬರೆಯುವ ಕ್ಯಾಮೆರಾಗೂ, ನಿಮಿಷಕ್ಕೊಮ್ಮೆ ನಾಲ್ಕು ಅಂಕಿ ಬರೆಯುವ ಮಾಪಕಕ್ಕೂ ಬೇಕಾದ ಗುಣಗಳು ಬೇರೆ. ನಾಲ್ಕನೆಯದು ಕರೆಂಟು ಹಠಾತ್ತನೆ ಹೋಗುವ ಸಂಭವ. ಟಿಎಲ್‌ಸಿಯಲ್ಲಿ ಒಂದೇ ಕೋಶದ ಮೂರು ಬಿಟ್‌ಗಳು ಮೂರು ಬೇರೆ ಪುಟಗಳಿಗೆ ಸೇರಿರುವುದರಿಂದ, ಬರಹದ ನಡುವೆ ವಿದ್ಯುತ್ ಕಡಿದರೆ ಆಗ ಬರೆಯುತ್ತಿದ್ದ ಮಾಹಿತಿಯ ಜೊತೆಗೆ ಹಿಂದೆ ಬರೆದಿದ್ದಕ್ಕೂ ಪೆಟ್ಟು ಬೀಳುವ ಅಪಾಯವಿದೆ. ಇದನ್ನು ತಡೆಯಲು ಕಂಟ್ರೋಲರಿನ ತಂತ್ರಾಂಶವೋ, ಸ್ವಲ್ಪ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳ ಸಾಲೋ ಬೇಕು. ಐದನೆಯದು ವಿದ್ಯುತ್ತಿನ ಆಯವ್ಯಯ, ಆರನೆಯದು ಹಣ. ಹಣವನ್ನು ಕೊನೆಗೆ ಹಾಕಿದ್ದೇನೆ, ಏಕೆಂದರೆ ಮೇಲಿನ ಐದಕ್ಕೆ ಉತ್ತರ ಗೊತ್ತಾದ ಮೇಲೆ ಎಷ್ಟೋ ಸಲ ಅಗ್ಗದ ಸಾಧನವೇ ಸರಿಯಾದದ್ದೆಂದು ತಿಳಿಯುತ್ತದೆ.

ಮೆಮೊರಿ ಕಾರ್ಡುಗಳು: ಸಾಮಾನ್ಯ, ಹೈ ಎಂಡ್ಯೂರೆನ್ಸ್, ಇಂಡಸ್ಟ್ರಿಯಲ್

ವಿದ್ಯುತ್ ಬಳಕೆಯನ್ನು ಮಾತ್ರ ನೋಡುವುದಾದರೆ ಮೈಕ್ರೊ ಎಸ್‌ಡಿ ಕಾರ್ಡಿಗೆ ಸಮನಾದುದು ಕಡಿಮೆ. ಬರೆಯುವಾಗಲೂ ಅದು ಒಂದು ವ್ಯಾಟಿನ ಆಸುಪಾಸಿನಲ್ಲಿಯೋ ಅದಕ್ಕಿಂತ ಕಡಿಮೆಯಲ್ಲಿಯೋ ಕೆಲಸ ಮುಗಿಸುತ್ತದೆ, ಸುಮ್ಮನಿರುವಾಗ ತೀರ ಅಲ್ಪವನ್ನು ಬಳಸುತ್ತದೆ. ಆದರೆ ಈ ಮಿತವ್ಯಯ ಬಂದಿರುವುದು ಚಿಕ್ಕ ಕಂಟ್ರೋಲರಿನಿಂದ. ಅದರಲ್ಲಿ ದೊಡ್ಡ ಲೆಕ್ಕಕ್ಕೆ ಸ್ಥಳವಿಲ್ಲ, ಬಿಡುವಿನಲ್ಲಿ ಪುಟಗಳನ್ನು ಪರೀಕ್ಷಿಸುವ ಕ್ರಮ ಇದೆಯೋ ಇಲ್ಲವೋ ಎಂದು ತಯಾರಕರು ಸಾಮಾನ್ಯವಾಗಿ ಹೇಳುವುದೂ ಇಲ್ಲ, ಮತ್ತು ಕಾರ್ಡಿನ ಆರೋಗ್ಯವನ್ನು ಓದಿ ತಿಳಿಯುವ ಸೌಲಭ್ಯ ಸಾಮಾನ್ಯ ಕಾರ್ಡುಗಳಲ್ಲಿ ಇರುವುದಿಲ್ಲ. ಕಾರ್ಡಿನ ಮೇಲೆ 85 ಡಿಗ್ರಿವರೆಗೆ ಎಂದು ಬರೆದಿರುವುದನ್ನು ನೋಡಿ ನಮ್ಮ ಬಿಸಿಲಿಗೆ ಅದು ಸಾಕೆಂದು ಭಾವಿಸುವವರಿದ್ದಾರೆ. ಆ ಅಂಕಿ ಹೇಳುವುದು ಅಷ್ಟು ಬಿಸಿಯಲ್ಲಿಯೂ ಕಾರ್ಡ್ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ. ಅಷ್ಟು ಬಿಸಿಯಲ್ಲಿ ಮಾಹಿತಿ ಎಷ್ಟು ತಿಂಗಳು ಉಳಿಯುತ್ತದೆ ಎಂಬುದನ್ನಲ್ಲ.

ಹೈ ಎಂಡ್ಯೂರೆನ್ಸ್ ಎಂದು ಮಾರುವ ಕಾರ್ಡುಗಳು ಕ್ಯಾಮೆರಾದ ನಿರಂತರ ಬರಹಕ್ಕೆಂದು ಮಾಡಿದವು. ಬೆಲೆಯ ವ್ಯತ್ಯಾಸ ವಿಪರೀತವಲ್ಲ, ವಿದ್ಯುತ್ ಬಳಕೆಯಲ್ಲಿಯೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಕ್ಯಾಮೆರಾಗೆ ಹಾಕುವುದಾದರೆ ಸಾಮಾನ್ಯ ಕಾರ್ಡನ್ನು ಕೊಳ್ಳುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇಂಡಸ್ಟ್ರಿಯಲ್ ದರ್ಜೆಯ ಕಾರ್ಡುಗಳು ಬೇರೆಯದೇ ವರ್ಗ. ಅವುಗಳಲ್ಲಿ ಹಲವು ಟಿಎಲ್‌ಸಿ ಚಿಪ್ಪನ್ನೇ ಬಳಸಿದರೂ ಪ್ರತಿ ಕೋಶದಲ್ಲಿ ಒಂದೇ ಬಿಟ್ ಬರೆಯುತ್ತವೆ. ಇದನ್ನು ಸ್ಯೂಡೊ ಎಸ್‌ಎಲ್‌ಸಿ ಎನ್ನುತ್ತಾರೆ. ಇದರಿಂದ ಜಾಗ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ ಮತ್ತು ಜಿಬಿಯೊಂದಕ್ಕೆ ಬೀಳುವ ಬೆಲೆ ಹಲವು ಪಟ್ಟು ಏರುತ್ತದೆ. ಆದರೆ ಪಡೆಯುವುದನ್ನು ನೋಡಿ: ಎರಡೇ ಮಟ್ಟಗಳಿರುವುದರಿಂದ ಆವೇಶ ಬಹಳಷ್ಟು ಸೋರಿದರೂ ಓದು ತಪ್ಪುವುದಿಲ್ಲ, ಬರಹ ಬೇಗ ಮುಗಿಯುವುದರಿಂದ ಪ್ರತಿ ಬರಹಕ್ಕೆ ತಗಲುವ ಶಕ್ತಿ ಕಡಿಮೆ, ತಿದ್ದುಪಡಿ ಬಹುಪಾಲು ಮೊದಲ ಹಂತದಲ್ಲಿಯೇ ಮುಗಿಯುತ್ತದೆ, ಮತ್ತು ಟಿಎಲ್‌ಸಿ ಕೋಶ ಸುಮಾರು 1,000ದಿಂದ 3,000 ಸಲ ಬರೆದು ಅಳಿಸುವುದನ್ನು ತಾಳಿದರೆ ಇದು ಹತ್ತಾರು ಸಾವಿರ ಸಲ ತಾಳುತ್ತದೆ. ತಪ್ಪನ್ನು ಮೂಲದಲ್ಲಿಯೇ ಕಡಿಮೆ ಮಾಡಿದರೆ ವಿದ್ಯುತ್ತೂ ಉಳಿಯುತ್ತದೆ ಎಂದು ಆರಂಭದಲ್ಲಿ ಹೇಳಿದ್ದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಈ ಕಾರ್ಡುಗಳಲ್ಲಿ.

ಪೆನ್‌ಡ್ರೈವ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಸಾಧನ, ಇಟ್ಟುಕೊಳ್ಳುವ ಸಾಧನವಲ್ಲ.

ಎಸ್‌ಎಸ್‌ಡಿಗಳು: ಸಾಟಾ, ಎನ್‌ವಿಎಂಇ, ಸರ್ವರ್ ದರ್ಜೆ

ಸಾಟಾ ಮತ್ತು ಎನ್‌ವಿಎಂಇ ಎಂದರೆ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಎರಡು ಬಗೆಗಳು, ಮೊದಲನೆಯದು ಹಳೆಯದು, ಎರಡನೆಯದು ಹೆಚ್ಚು ವೇಗದ್ದು. ಸಾಟಾ ಎಸ್‌ಎಸ್‌ಡಿ ಕೆಲಸದಲ್ಲಿರುವಾಗ ಸಾಮಾನ್ಯವಾಗಿ 2ರಿಂದ 4 ವ್ಯಾಟ್ ಬಳಸುತ್ತದೆ, ಸುಮ್ಮನಿರುವಾಗ ಮತ್ತು ಉಳಿತಾಯದ ಸೆಟ್ಟಿಂಗ್ ಸರಿಯಾಗಿದ್ದಾಗ ಅದು ಮಿಲಿವ್ಯಾಟುಗಳ ಲೆಕ್ಕಕ್ಕೆ ಇಳಿಯುತ್ತದೆ. ಎನ್‌ವಿಎಂಇ ಡ್ರೈವ್ ಪೂರ್ತಿ ವೇಗದಲ್ಲಿ 4ರಿಂದ 8 ವ್ಯಾಟ್‌ವರೆಗೆ ಹೋಗುತ್ತದೆ, ಆದರೆ ಅಷ್ಟೇ ಕೆಲಸವನ್ನು ಬೇಗ ಮುಗಿಸಿ ಕೆಲವೇ ಮಿಲಿವ್ಯಾಟಿನ ಗಾಢ ನಿದ್ರೆಗೆ ಜಾರಬಲ್ಲದು. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಎನ್‌ವಿಎಂಇ ಬ್ಯಾಟರಿಯನ್ನು ತಿನ್ನುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ನಮ್ಮಲ್ಲಿ ಸಮಸ್ಯೆ ಬರುವುದು ಬಿಸಿಯಿಂದ: ಮನೆ ಬಳಕೆಯ ಎಸ್‌ಎಸ್‌ಡಿಗಳಿಗೆ ಸಾಮಾನ್ಯವಾಗಿ 70 ಡಿಗ್ರಿಯ ಮಿತಿ ಹಾಕಿರುತ್ತಾರೆ, ಮತ್ತು ಕೋಣೆಯೇ 40 ಡಿಗ್ರಿ ಇರುವಾಗ ಬೆರಳಗಲದ ಡ್ರೈವ್ 7 ವ್ಯಾಟ್ ಹೊರಹಾಕಿದರೆ ಬಿಸಿಗೆ ಉಳಿಯುವ ಅವಕಾಶ ತುಂಬ ಚಿಕ್ಕದು. ಆಗ ಡ್ರೈವ್ ತಾನಾಗಿ ವೇಗ ಇಳಿಸುತ್ತದೆ. ಅಂದರೆ ವೇಗಕ್ಕೆಂದು ಕೊಟ್ಟ ಹೆಚ್ಚಿನ ಹಣ ಬೇಸಿಗೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಎಂಬುದು ಸಾಟಾ–ಎನ್‌ವಿಎಂಇ ಪ್ರಶ್ನೆಗಿಂತ ದೊಡ್ಡದು. ಕ್ಯೂಎಲ್‌ಸಿ ಡ್ರೈವ್ ಅಗ್ಗ, ಮತ್ತು ಬರೆಯುವುದು ಕಡಿಮೆಯಾಗಿ ಓದುವುದು ಹೆಚ್ಚಿರುವ, ಸದಾ ವಿದ್ಯುತ್ ಇರುವ ಕಂಪ್ಯೂಟರಿನಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ 16 ಮಟ್ಟಗಳ ನಡುವಿನ ಕಿರಿದಾದ ಅಂತರವನ್ನು ಅದು ಬಲವಾದ ಎಲ್‌ಡಿಪಿಸಿಯ ಸಹಾಯದಿಂದ ನಿಭಾಯಿಸುತ್ತಿರುತ್ತದೆ, ಮತ್ತು ಬಿಸಿಯೂ ಸವೆತವೂ ಸೇರಿದಾಗ ಮರು ಓದುಗಳ ಮೆಟ್ಟಿಲನ್ನು ಟಿಎಲ್‌ಸಿಗಿಂತ ಮೊದಲೇ ಏರಬೇಕಾಗುತ್ತದೆ. ಬೆಲೆಯ ವ್ಯತ್ಯಾಸ ಅಲ್ಪವಾಗಿದ್ದರೆ ನಮ್ಮ ಹವೆಗೆ ಟಿಎಲ್‌ಸಿಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಕೋಶದ ಬಗೆಯನ್ನು ಡೇಟಾಶೀಟಿನಲ್ಲಿ (ತಯಾರಕರ ತಾಂತ್ರಿಕ ವಿವರ ಪತ್ರದಲ್ಲಿ) ಹೇಳದ ಡ್ರೈವನ್ನು ಕ್ಯೂಎಲ್‌ಸಿ ಎಂದೇ ಎಣಿಸಿ ಬೆಲೆ ಹೋಲಿಸಿ.

ಸರ್ವರ್ ದರ್ಜೆಯ ಡ್ರೈವುಗಳಲ್ಲಿ ಎರಡು ಗುಣಗಳಿಗೆ ಹಣ ಕೊಡುತ್ತೇವೆ. ಒಂದು, ಕರೆಂಟು ಹೋದರೂ ಕೈಯಲ್ಲಿರುವ ಬರಹವನ್ನು ಮುಗಿಸಲು ಸಾಕಾಗುವಷ್ಟು ಶಕ್ತಿಯನ್ನು ಹಿಡಿದಿಡುವ ಕೆಪಾಸಿಟರುಗಳು. ಇನ್ನೊಂದು, ತಿದ್ದಲಾಗದ ತಪ್ಪಿನ ಪ್ರಮಾಣದ ಬಿಗಿಯಾದ ಮಿತಿ: ಜೆಡೆಕ್ ಮಾನದಂಡದಲ್ಲಿ ಮನೆ ಬಳಕೆಯ ಡ್ರೈವಿಗೆ ಹತ್ತರ ಹದಿನೈದನೇ ಘಾತದಷ್ಟು ಬಿಟ್‌ಗಳನ್ನು, ಅಂದರೆ 125 ಟೆರಾಬೈಟ್ ಓದಿದಾಗ ಒಂದು ತಪ್ಪಿಗಿಂತ ಹೆಚ್ಚು ಆಗಬಾರದು, ಸರ್ವರ್ ದರ್ಜೆಗೆ ಅದರ ಹತ್ತು ಪಟ್ಟು ಓದಿದಾಗ ಒಂದು. ಇದಕ್ಕೆ ತೆರುವ ಬೆಲೆ ಹಣದ್ದು ಮಾತ್ರವಲ್ಲ. ಈ ಡ್ರೈವುಗಳು ನಿದ್ರಿಸುವುದಕ್ಕೆಂದು ಮಾಡಿದವಲ್ಲ, ಸುಮ್ಮನಿರುವಾಗಲೂ ಒಂದು ವ್ಯಾಟಿಗಿಂತ ಹೆಚ್ಚು ಬಳಸುವುದು ಸಾಮಾನ್ಯ.

ಯಾರಿಗೆ ಯಾವುದು

ಕಾಲುವೆ ಬದಿಯ ಮಾಪಕದಿಂದಲೇ ಆರಂಭಿಸುತ್ತೇನೆ, ಏಕೆಂದರೆ ವಿದ್ಯುತ್ತಿನ ಲೆಕ್ಕ ಅತ್ಯಂತ ಬಿಗಿಯಾಗಿರುವುದು ಅಲ್ಲಿ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 84 ವ್ಯಾಟ್-ಅವರ್ ಮಾತ್ರ. 2.5 ವ್ಯಾಟ್ ಬಳಸುವ ಪುಟ್ಟ ಕಂಪ್ಯೂಟರ್ ಬೋರ್ಡನ್ನು ದಿನವಿಡೀ ನಡೆಸಿದರೆ ಅದೊಂದಕ್ಕೇ 60 ವ್ಯಾಟ್-ಅವರ್ ಬೇಕು. ಅಂಥಲ್ಲಿ ಯಾವ ಕಾರ್ಡ್ ಹಾಕಿದರೂ ವಿದ್ಯುತ್ತಿನಲ್ಲಿ ವ್ಯತ್ಯಾಸ ಕಾಣದು, ಮೊದಲು ಬದಲಾಯಿಸಬೇಕಾದುದು ಬೋರ್ಡನ್ನು. ಅದರ ಬದಲು ಬಹಳ ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಒಂದೇ ಚಿಪ್ಪಿನ ಮೈಕ್ರೊಕಂಟ್ರೋಲರ್ ಬಳಸಿ 15 ನಿಮಿಷಕ್ಕೊಮ್ಮೆ 32 ಬೈಟ್ ದಾಖಲೆ ಬರೆದರೆ ದಿನಕ್ಕೆ ಆಗುವುದು 96 ದಾಖಲೆ, ಸುಮಾರು 3 ಕಿಲೋಬೈಟ್. ಪ್ರತಿ ದಾಖಲೆಗೂ ಕಾರ್ಡನ್ನು ಎಬ್ಬಿಸಿದರೆ 32 ಬೈಟಿಗಾಗಿ ಹಲವು ಕಿಲೋಬೈಟಿನ ಪುಟವೊಂದು ಖರ್ಚಾಗುತ್ತದೆ, ಫೈಲ್ ಪಟ್ಟಿಯನ್ನೂ ಪ್ರತಿ ಸಲ ತಿದ್ದಬೇಕಾಗುತ್ತದೆ. ಬದಲಿಗೆ 32 ಕಿಲೋಬೈಟಿನ ಎಫ್‌ರ್ಯಾಮ್ ಚಿಪ್ಪೊಂದನ್ನು ಜೊತೆಗಿಟ್ಟರೆ ಹತ್ತು ದಿನಗಳ ದಾಖಲೆ ಅದರಲ್ಲಿಯೇ ಕೂರುತ್ತದೆ. ಅದು ವಿದ್ಯುತ್ ಹೋದರೂ ಮರೆಯುವುದಿಲ್ಲ, ಬರಹಕ್ಕೆ ಸವೆಯುವುದೂ ಇಲ್ಲವೆನ್ನುವಷ್ಟು ಕಡಿಮೆ. ದಿನಕ್ಕೊಮ್ಮೆ, ಬೆಳಗಿನ ಜಾವದ ತಂಪಿನಲ್ಲಿ ಕಾರ್ಡಿಗೆ ವಿದ್ಯುತ್ ಕೊಟ್ಟು, ಎಲ್ಲವನ್ನೂ ಒಟ್ಟಿಗೆ ಬರೆದು, ಕಾರ್ಡ್ ಬಿಡುವಾಗಿದೆ ಎಂದು ಖಚಿತವಾದ ಮೇಲೆ ವಿದ್ಯುತ್ ತೆಗೆಯಿರಿ.

ಈ ಬಳಕೆಗೆ ಇಂಡಸ್ಟ್ರಿಯಲ್ ಕಾರ್ಡನ್ನೇ ಕೊಳ್ಳಬೇಕು. ಬೇಕಾದ ಜಾಗ ಕೆಲವೇ ಜಿಬಿ ಆಗಿರುವುದರಿಂದ ಜಿಬಿಯ ಬೆಲೆ ಎಷ್ಟಿದ್ದರೂ ಒಟ್ಟು ಹಣ ಹೊರೆಯಾಗುವುದಿಲ್ಲ, ಮತ್ತು ವರ್ಷವಿಡೀ ಬಿಸಿಲಲ್ಲಿ, ದಿನದ ಬಹುಪಾಲು ವಿದ್ಯುತ್ ಇಲ್ಲದೆ ಕೂರುವ ಕಾರ್ಡಿಗೆ ಆವೇಶ ಹಿಡಿದಿಡುವ ಗುಣವೇ ಮುಖ್ಯ. ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು: ಎಸ್‌ಪಿಐ ವಿಧಾನದಲ್ಲಿ (ಮೈಕ್ರೊಕಂಟ್ರೋಲರಿಗೆ ಕೆಲವೇ ತಂತಿಗಳಿಂದ) ಕಾರ್ಡನ್ನು ಜೋಡಿಸಿದಾಗ ತಂತಿಯ ಮೇಲೆ ಸಾಗುವ ಮಾಹಿತಿಯಲ್ಲಿ ತಪ್ಪಿದೆಯೇ ಎಂದು ನೋಡುವ ಸಿಆರ್‌ಸಿ ಪರೀಕ್ಷೆ ತಾನಾಗಿ ನಡೆಯುವುದಿಲ್ಲ, ಅದನ್ನು ಆದೇಶ ಕೊಟ್ಟು ಚಾಲೂ ಮಾಡಬೇಕು. ಕಾರ್ಡಿನ ಒಳಗಿನ ತಿದ್ದುಪಡಿ ತಂತಿಯಲ್ಲಿ ಹುಟ್ಟಿದ ತಪ್ಪನ್ನು ಕಾಣಲಾರದು. ಅದು ತಪ್ಪು ಮಾಹಿತಿಯನ್ನೇ ಜೋಪಾನವಾಗಿ ಕಾಪಾಡುತ್ತದೆ. ಪ್ರತಿ ದಾಖಲೆಯ ಕೊನೆಗೆ ನಿಮ್ಮದೇ ಆದ ಎರಡು ಬೈಟಿನ ಪರೀಕ್ಷಾ ಅಂಕಿ ಸೇರಿಸಿಕೊಳ್ಳಿ.

ಅಕ್ಕಿ ಗಿರಣಿಯ ಸಿಸಿಟಿವಿಗೆ ಬಂದರೆ ಲೆಕ್ಕ ಬೇರೆ ದಿಕ್ಕಿಗೆ ತಿರುಗುತ್ತದೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ 21.6 ಜಿಬಿ, ನಾಲ್ಕು ಕ್ಯಾಮೆರಾಗೆ ಸುಮಾರು 86 ಜಿಬಿ, ತಿಂಗಳಿಗೆ ಎರಡೂವರೆ ಟೆರಾಬೈಟಿಗೂ ಹೆಚ್ಚು. ಇಷ್ಟು ಜಾಗವನ್ನು ಫ್ಲ್ಯಾಶಿನಲ್ಲಿ ಕೊಳ್ಳುವುದು ದುಬಾರಿ, ಅಗತ್ಯವೂ ಅಲ್ಲ. ಕ್ಯಾಮೆರಾಗಳ ದೃಶ್ಯವನ್ನು ದಾಖಲಿಸುವ ಎನ್‌ವಿಆರ್ ಪೆಟ್ಟಿಗೆಗೆ ಕಣ್ಗಾವಲಿಗೆಂದೇ ಮಾಡಿದ ಹಾರ್ಡ್‌ಡಿಸ್ಕ್ ಸರಿಯಾದ ಆಯ್ಕೆ. ಅದು 5–6 ವ್ಯಾಟ್‌ನಂತೆ ದಿನಕ್ಕೆ 120ರಿಂದ 145 ವ್ಯಾಟ್-ಅವರ್ ಬಳಸುತ್ತದೆ, ಗಿರಣಿಯ ಒಟ್ಟು ವಿದ್ಯುತ್ತಿನಲ್ಲಿ ಅದು ಲೆಕ್ಕಕ್ಕಿಲ್ಲ. ಫ್ಲ್ಯಾಶ್ ಬೇಕಾಗುವುದು ಕ್ಯಾಮೆರಾದ ಒಳಗೆ, ಎನ್‌ವಿಆರ್ ಕಳವಾದಾಗ ಅಥವಾ ಕೇಬಲ್ ಕಡಿದಾಗ ಉಳಿಯುವ ಎರಡನೆಯ ಪ್ರತಿಯಾಗಿ. ಅಲ್ಲಿಗೆ ಹೈ ಎಂಡ್ಯೂರೆನ್ಸ್ ಕಾರ್ಡ್ ಹಾಕಿ, ಮತ್ತು ಬೇಕಾದುದಕ್ಕಿಂತ ದೊಡ್ಡದನ್ನೇ ಹಾಕಿ. 64 ಜಿಬಿಯ ಕಾರ್ಡ್ ಮೂರು ದಿನಕ್ಕೊಮ್ಮೆ ಪೂರ್ತಿ ಬರೆದು ಅಳಿಸಿಕೊಂಡರೆ 256 ಜಿಬಿಯದು ಸುಮಾರು ಹನ್ನೆರಡು ದಿನಕ್ಕೊಮ್ಮೆ. ಕೋಶಗಳ ಸವೆತ ಕಾಲು ಭಾಗಕ್ಕೆ ಇಳಿಯುತ್ತದೆ, ಸವೆತ ಇಳಿದರೆ ತಪ್ಪೂ ತಿದ್ದುಪಡಿಯ ಶ್ರಮವೂ ಇಳಿಯುತ್ತವೆ. ಕ್ಯಾಮೆರಾವನ್ನು ಪಶ್ಚಿಮದ ಬಿಸಿಲು ಬೀಳದ ಗೋಡೆಗೆ ಹಾಕಿಸುವುದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ತೌಡಿನ ಧೂಳು ಎನ್‌ವಿಆರ್ ಪೆಟ್ಟಿಗೆಯ ಫ್ಯಾನನ್ನು ಮುಚ್ಚಿಬಿಡುವುದರಿಂದ ಅದನ್ನು ಗಿರಣಿಯ ಒಳಗಿಡದೆ ಕಚೇರಿ ಕೋಣೆಯಲ್ಲಿಡಿ.

ದಲ್ಲಾಳಿ ಅಂಗಡಿ, ಔಷಧ ಅಂಗಡಿ, ಜೀನ್ಸ್ ಹೊಲಿಗೆ ಘಟಕದ ಲೆಕ್ಕದ ಕಂಪ್ಯೂಟರಿಗೆ ದಿನಕ್ಕೆ ಬರೆಯುವುದು ಕಡಿಮೆ, ಆದರೆ ಬರೆದ ಒಂದು ಸಾಲೂ ಕಳೆಯಬಾರದು. ಇಲ್ಲಿ ಕೆಪಾಸಿಟರ್ ಇರುವ ಸರ್ವರ್ ಡ್ರೈವ್ ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ, ಒಂದೇ ಕಂಪ್ಯೂಟರ್ ಇದ್ದರೆ ಬೇಡ. ಆ ಕೆಪಾಸಿಟರುಗಳು ಕಾಪಾಡುವುದು ಡ್ರೈವಿನ ಒಳಗಿನ ಮಾಹಿತಿಯನ್ನು. ಕಂಪ್ಯೂಟರಿನ ಮೆಮೊರಿಯಲ್ಲಿ ಅರ್ಧಕ್ಕೆ ನಿಂತ ಬಿಲ್ಲನ್ನು ಅವು ಕಾಪಾಡಲಾರವು. ಅದೇ ಹಣದಲ್ಲಿ ಒಳ್ಳೆಯ ಯುಪಿಎಸ್ ಕೊಂಡರೆ ಎರಡೂ ಉಳಿಯುತ್ತವೆ. ಡ್ರೈವ್ ಸಾಧಾರಣ ಟಿಎಲ್‌ಸಿ ಸಾಟಾ ಅಥವಾ ನಿಧಾನ ದರ್ಜೆಯ ಎನ್‌ವಿಎಂಇ ಇರಲಿ, ಐದನೇ ಒಂದು ಭಾಗದಷ್ಟು ಜಾಗವನ್ನು ಖಾಲಿ ಬಿಡಿ. ಹಲವರು ಒಟ್ಟಿಗೆ ಕೆಲಸ ಮಾಡುವ ಸಣ್ಣ ಸರ್ವರ್ ಇದ್ದು ಅದು ರಾತ್ರಿಯೂ ನಡೆಯುವುದಾದರೆ ಮಾತ್ರ ಸರ್ವರ್ ದರ್ಜೆಯ ಡ್ರೈವಿನ ಹಣ ಸಾರ್ಥಕ.

ಮದುವೆ ವಿಡಿಯೊ ತೆಗೆಯುವವರ ಅಗತ್ಯ ವಿಚಿತ್ರ: ಒಂದು ದಿನ ಭಾರಿ ಬರಹ, ನಂತರ ತಿಂಗಳುಗಟ್ಟಲೆ ಸುಮ್ಮನೆ ಇಡುವುದು. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಚಿತ್ರೀಕರಣ ಗಂಟೆಗೆ 45 ಜಿಬಿ ಬೇಡುತ್ತದೆ, ಮತ್ತು ಅದಕ್ಕೆ ಬೇಕಾದ ವೇಗ ಸೆಕೆಂಡಿಗೆ 12.5 ಮೆಗಾಬೈಟ್ ಮಾತ್ರ. ವಿ30 ಗುರುತಿನ ಕಾರ್ಡ್ ಕನಿಷ್ಠ 30 ಮೆಗಾಬೈಟಿನ ಭರವಸೆ ಕೊಡುವುದರಿಂದ ಅದಕ್ಕಿಂತ ದುಬಾರಿಯದಕ್ಕೆ ಹೋಗುವ ಅಗತ್ಯ ಈ ಕೆಲಸಕ್ಕೆ ಇಲ್ಲ. ಕಾರ್ಡಿನಿಂದ ಅದೇ ರಾತ್ರಿ ಪೋರ್ಟಬಲ್ ಎಸ್‌ಎಸ್‌ಡಿಗೆ ಇಳಿಸುವಾಗ ಪೋರ್ಟಿನ ವಿದ್ಯುತ್ತನ್ನು ನೋಡಿಕೊಳ್ಳಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 2.5 ವ್ಯಾಟ್, ಮೊದಲ ತಲೆಮಾರಿನ ಯುಎಸ್‌ಬಿ 3.0 ಕೊಡುವುದು 4.5 ವ್ಯಾಟ್. ಎನ್‌ವಿಎಂಇ ಇರುವ ಪೆಟ್ಟಿಗೆ ಹಳೆಯ ಲ್ಯಾಪ್‌ಟಾಪಿನಲ್ಲಿ ನಕಲಿನ ನಡುವೆ ಕಡಿದುಹೋಗುವುದು ಹಲವೊಮ್ಮೆ ಇದೇ ಕಾರಣಕ್ಕೆ. ಅಂಥ ಲ್ಯಾಪ್‌ಟಾಪ್ ಇರುವವರಿಗೆ ಸಾಟಾ ಡ್ರೈವಿನ ಪೋರ್ಟಬಲ್ ಪೆಟ್ಟಿಗೆಯೇ ಹೆಚ್ಚು ಸುರಕ್ಷಿತ. ನಂತರ ಗ್ರಾಹಕರಿಗೆ ಕೊಟ್ಟು ಮುಗಿಯುವವರೆಗೆ, ಮುಗಿದ ಮೇಲೂ, ಇಡುವ ಪ್ರತಿಗಳಲ್ಲಿ ಒಂದಾದರೂ ಹಾರ್ಡ್‌ಡಿಸ್ಕ್ ಮೇಲಿರಲಿ. ಬೇಸಿಗೆ ಪೂರ್ತಿ ಬಿಸಿ ಕೋಣೆಯ ಬೀರುವಿನಲ್ಲಿ ವಿದ್ಯುತ್ ಇಲ್ಲದೆ ಕೂರುವ ಫ್ಲ್ಯಾಶನ್ನು, ಅದರಲ್ಲಿಯೂ ಬಹಳ ಬಳಸಿ ಸವೆದದ್ದನ್ನು, ಏಕೈಕ ಪ್ರತಿಯಾಗಿ ನಂಬಬೇಡಿ. ಎಸ್‌ಎಸ್‌ಡಿಯಲ್ಲಿ ಇಡಲೇಬೇಕೆಂದರೆ ಮಳೆಗಾಲ ಮುಗಿದ ಮೇಲೊಮ್ಮೆ ಮತ್ತು ಬೇಸಿಗೆಗೆ ಮುನ್ನ ಒಮ್ಮೆ ಜೋಡಿಸಿ ಎಲ್ಲ ಫೈಲುಗಳನ್ನೂ ಪೂರ್ತಿ ಓದಿಸಿ. ಕೇವಲ ಚಾರ್ಜರಿಗೆ ಸಿಕ್ಕಿಸಿ ಇಟ್ಟರೆ ಎಲ್ಲ ಡ್ರೈವುಗಳೂ ದುರ್ಬಲ ಪುಟಗಳನ್ನು ಹುಡುಕಿ ಬರೆಯುತ್ತವೆ ಎಂಬ ಖಾತ್ರಿ ಇಲ್ಲ. ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸದಾಗಿ ನಕಲು ಮಾಡಿ ಬರೆಯುವುದು ಹೆಚ್ಚು ಭದ್ರ.

ವಿದ್ಯಾರ್ಥಿಯ ಲ್ಯಾಪ್‌ಟಾಪಿಗೆ ತನ್ನದೇ ಡಿರ್ಯಾಮ್ (ವೇಗದ ತಾತ್ಕಾಲಿಕ ಮೆಮೊರಿ) ಇಲ್ಲದ, ಕಂಪ್ಯೂಟರಿನ ಮೆಮೊರಿಯಲ್ಲಿ ಸ್ವಲ್ಪ ಭಾಗ ಎರವಲು ಪಡೆಯುವ ಟಿಎಲ್‌ಸಿ ಎನ್‌ವಿಎಂಇ ಡ್ರೈವ್ ಸಾಕು. ಬೆಲೆ ಕಡಿಮೆ, ಬಿಸಿ ಕಡಿಮೆ, ವಿದ್ಯುತ್ತೂ ಕಡಿಮೆ.

ಕೊಳ್ಳುವ ದಿನ ಮತ್ತು ಕೊಂಡ ಮೇಲೆ

ಅಂಗಡಿಯಲ್ಲಿ ಕೇಳಬೇಕಾದುದು ಮಾದರಿಯ ಪೂರ್ತಿ ಸಂಖ್ಯೆ. ಅದನ್ನು ಹಿಡಿದು ತಯಾರಕರ ಡೇಟಾಶೀಟ್ ತೆರೆದು ಕೋಶದ ಬಗೆ, ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದೆಂಬ ಅಂಕಿ, ಕೆಲಸದ ತಾಪಮಾನ, ಸುಮ್ಮನಿರುವಾಗಿನ ಮತ್ತು ಕೆಲಸದಲ್ಲಿರುವಾಗಿನ ವ್ಯಾಟುಗಳನ್ನು ನೋಡಿ. ಮೆಮೊರಿ ಕಾರ್ಡುಗಳಲ್ಲಿ ನಕಲಿ ಮಾಲು ಹೆಚ್ಚು. 256 ಜಿಬಿ ಎಂದು ತೋರಿಸಿ ಒಳಗೆ 16 ಜಿಬಿ ಮಾತ್ರ ಇರುವ ಕಾರ್ಡುಗಳನ್ನು ಎಫ್3 ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ಬರೆದು ಓದಿಸಿ ಪತ್ತೆ ಹಚ್ಚಬಹುದು. ಆ ಪರೀಕ್ಷೆಯನ್ನು ಮಾಲು ಹಿಂತಿರುಗಿಸುವ ಅವಧಿಯೊಳಗೆ ಮುಗಿಸಿ.

ಎಸ್‌ಎಸ್‌ಡಿಯಲ್ಲಾದರೆ ಅದರ ಆರೋಗ್ಯದ ಅಂಕಿಗಳನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಥವಾ ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶ ತೋರಿಸುತ್ತದೆ. ಎನ್‌ವಿಎಂಇ ಡ್ರೈವಿನಲ್ಲಿ ನೋಡಬೇಕಾದವು ಆಯುಸ್ಸಿನ ಶೇಕಡಾವಾರು ಬಳಕೆ, ಹಠಾತ್ ವಿದ್ಯುತ್ ಕಡಿತಗಳ ಎಣಿಕೆ, ತಿದ್ದಲಾಗದ ತಪ್ಪುಗಳ ಎಣಿಕೆ ಮತ್ತು ತಾಪಮಾನ. ತಿದ್ದಲಾಗದ ತಪ್ಪು ಒಂದು ಕಂಡರೂ ಆ ಡ್ರೈವಿನ ಪ್ರತಿಯನ್ನು ಅಂದೇ ಬೇರೆಡೆಗೆ ತೆಗೆಯಬೇಕು. ಹಠಾತ್ ಕಡಿತಗಳ ಎಣಿಕೆ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ತೊಂದರೆ ಇರುವುದು ಬಹುಮಟ್ಟಿಗೆ ಡ್ರೈವಿನಲ್ಲಲ್ಲ, ವಿದ್ಯುತ್ ಪೂರೈಕೆಯಲ್ಲಿ; ಮೊದಲು ಯುಪಿಎಸ್ ಬ್ಯಾಟರಿಯನ್ನು ನೋಡಿ. ವಿದ್ಯುತ್ ಉಳಿತಾಯದ ಸೆಟ್ಟಿಂಗುಗಳನ್ನು ಲ್ಯಾಪ್‌ಟಾಪಿನಲ್ಲಿ ಧಾರಾಳವಾಗಿ ಬಳಸಿ, ಆದರೆ ಕಂಪ್ಯೂಟರನ್ನು ಕೆಲಸ ಮುಗಿದ ಕ್ಷಣವೇ ಆರಿಸುವ ಬದಲು ವಾರಕ್ಕೊಮ್ಮೆಯಾದರೂ ಒಂದೆರಡು ಗಂಟೆ ಸುಮ್ಮನೆ ಚಾಲೂ ಬಿಡಿ. ಡ್ರೈವ್ ತನ್ನ ಒಳಗಿನ ಶುಚಿ ಕೆಲಸವನ್ನು ಮಾಡಿಕೊಳ್ಳುವುದು ಆ ಬಿಡುವಿನಲ್ಲಿ. ಎನ್‌ವಿಎಂಇ ಡ್ರೈವಿಗೆ ತೆಳುವಾದ ಅಲ್ಯೂಮಿನಿಯಂ ಹೀಟ್‌ಸಿಂಕ್ ಅಂಟಿಸಲು ಜಾಗವಿದ್ದರೆ ಬೇಸಿಗೆ ಬರುವ ಮುನ್ನ, ಫೆಬ್ರವರಿಯಲ್ಲಿಯೇ ಅಂಟಿಸಿಬಿಡಿ.